ಹೋಗುವಾಗ ನಿಲ್ಲದ ಗಾಡಿ

ಜೂನ್ 4

ತಮ್ಮನಿಗೆ,

ನನ್ನ ಅಕ್ಷರ ನೋಡಿ ಯಾರು ಹೋದರೋ ಅಂತ ಎದೆ ಒಡೆದುಕೊಳ್ಳಬೇಡ. ಎಲ್ಲರೂ ಇದ್ದೇವೆ. ಗಾಡಿಯ ವಿಷಯಕ್ಕೆ ಬರೆಯುತ್ತಿದ್ದೇನೆ, ಅಷ್ಟೆ.

ನಿನ್ನ ವಿಳಾಸ ಕೊಟ್ಟವನು ಒಬ್ಬ ಲಾರಿ ಡ್ರೈವರ್. ಹೋದ ವರ್ಷ ನಮ್ಮ ಬೀದಿಗೆ ಬಾಡಿಗೆಗೆ ಬಂದವನು. ಅವನ ಲಾರಿ ಕೆಟ್ಟು ನಿಮ್ಮ ಊರಲ್ಲಿ ಎರಡು ದಿನ ಬಿದ್ದಿದ್ದಾಗ ನೀನೇ ಮಾತಾಡಿಸಿದೆಯಂತೆ. ಯಾವ ಬೀದಿ ಅಂತ ಕೇಳಿ, ನೀಲಿ ಬಾಗಿಲಿನ ಮನೆಯವರು ಹೇಗಿದ್ದಾರೆ ಅಂದೆಯಂತೆ. ನೀನು ಬೈಕ್ ಮೆಕ್ಯಾನಿಕ್ ಆಗಿರುವುದು ನನಗೆ ಗೊತ್ತಾದದ್ದೇ ಹಾಗೆ. ಸ್ಕ್ರೂಡ್ರೈವರ್ ಯಾವ ಕೈಯಲ್ಲಿ ಹಿಡಿಯಬೇಕು ಅಂತ ಗೊತ್ತಿಲ್ಲದವನು ನೀನು.

ಪಿಟೀಲು ಈಗ ದೊಡ್ಡವಳಾಗಿದ್ದಾಳೆ. ಅಳೋಕೆ ಕೂತರೆ ಒಂದೇ ಸ್ವರ ಎಳೀತಾಳೆ ಅಂತ ನನ್ನ ಮಗಳಿಗೆ ಆ ಹೆಸರಿಟ್ಟವನು ನೀನೇ. ಹತ್ತೊಂಬತ್ತು ತುಂಬಿತು. ಹಾಲಿನ ಡೇರಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಡೇರಿ ಇಲ್ಲಿಂದ ಇಪ್ಪತ್ತು ಕಿಲೋಮೀಟರ್. ಬೆಳಗ್ಗೆ ಆರಕ್ಕೆ ಅಲ್ಲಿರಬೇಕು, ಮೊದಲ ಬಸ್ಸು ಹೊರಡುವುದೇ ಆರೂವರೆಗೆ. "ಅಪ್ಪನ ಗಾಡಿ ಇದೆಯಲ್ಲಮ್ಮ" ಅಂದಳು. ಅದು ಹನ್ನೊಂದು ವರ್ಷದಿಂದ ಹಿತ್ತಲಲ್ಲಿ ಟಾರ್ಪಾಲಿನ ಕೆಳಗೆ ನಿಂತಿತ್ತು. ನಾನು ಬೇಡ ಅಂದೆ. ನನ್ನ ಮಾತು ಅವಳು ಯಾವತ್ತು ಕೇಳಿದ್ದಾಳೆ? ಮೂಲೆ ಅಂಗಡಿಗೆ ಬಂದಿರುವ ಹೊಸ ಮೆಕ್ಯಾನಿಕ್‌ನಿಂದ ಕಾರ್ಬುರೇಟರ್ ತೊಳೆಸಿ, ಟೈರು ಬ್ಯಾಟರಿ ಹೊಸದು ಹಾಕಿಸಿ ಎಬ್ಬಿಸಿದಳು.

ಗಾಡಿ ಓಡುತ್ತದೆ. ಎಂಟು ಹತ್ತು ಕಿಲೋಮೀಟರ್ ಆದ ಮೇಲೆ ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತದೆ. ಇಳಿದು ಮುಚ್ಚಳ ತೆಗೆದು ನೋಡಿದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಬೇಕಾದಷ್ಟಿರುತ್ತದೆ. ಆಮೇಲೆ ಕಿಕ್ ಹೊಡೆದರೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಗುತ್ತದೆ. ಹೊಸ ಮೆಕ್ಯಾನಿಕ್ ಎರಡು ಸಲ ನೋಡಿ ಕೈಚೆಲ್ಲಿದ. "ನಮ್ಮಪ್ಪನ ಕಾಲದ ಗಾಡಿ ಅಮ್ಮಾ ಇದು, ಗುಜರಿಗೆ ಹಾಕಿ" ಅಂದ. ಮೊನ್ನೆ ಹೆದ್ದಾರಿಯಲ್ಲಿ ಲಾರಿಯನ್ನು ಹಿಂದೆ ಹಾಕುವಾಗಲೇ ನಿಂತಿತಂತೆ. ಹಿಂದಿದ್ದ ಬಸ್ಸು ಇನ್ನೇನು ಮೈಮೇಲೆ ಬಂದೇಬಿಟ್ಟಿತ್ತಂತೆ. ಅದಕ್ಕೇ ಈ ಕಾಗದ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ ನಿನ್ನ ಭಾವನಿಗೆ ಎದೆನೋವು ಬಂದ ದಿನ, ಡಾಕ್ಟರು "ಇವರನ್ನ ಅಲುಗಾಡಿಸಬೇಡಿ, ಹನ್ನೆರಡರೊಳಗೆ ಈ ಇಂಜೆಕ್ಷನ್ ತಂದ್ರೆ ಉಳಿಸ್ಕೋಬಹುದು" ಅಂದರು. ನೀನು ಹತ್ತು ಗಂಟೆಗೆ ಇದೇ ಗಾಡಿಯಲ್ಲಿ ಪೇಟೆಗೆ ಹೋದೆ. ಎರಡು ಗಂಟೆಗೆ ಬಂದೆ. ಅವರು ಹನ್ನೆರಡೂ ನಲವತ್ತಕ್ಕೇ ಹೋಗಿದ್ದರು. ದಾರಿಯಲ್ಲಿ ಗಾಡಿ ಮೂರು ಸಲ ನಿಂತಿತು ಅಂದೆ. ಹೋಗುವಾಗ ನಿಲ್ಲದ ಗಾಡಿ ಬರುವಾಗ ಮಾತ್ರ ನಿಲ್ಲುತ್ತಾ? ಮೂಲೆ ಅಂಗಡಿಯ ಆಗಿನ ಮೇಸ್ತ್ರಿ ಎಲ್ಲರ ಎದುರು ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ತೋರಿಸಿದ. ಆಗ ನೀನು ಕುಡಿಯುತ್ತಿದ್ದ ಕಾಲ. ಅಂಗಳದಲ್ಲಿ ನಿಂತು ನಾನು ಅಂದೆನಲ್ಲ, ಕುಡುಕ, ಸುಳ್ಳ, ನನ್ನ ಗಂಡನ್ನ ಕೊಂದೆ, ಇನ್ನು ಮುಖ ತೋರಿಸಬೇಡ ಅಂತ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನಾನು ಬರೆಯುತ್ತಿಲ್ಲ.

ಫೋನ್ ನಂಬರ್ ಕಳಿಸಬೇಡ. ನಿನ್ನ ದನಿ ಕೇಳಿದರೆ ಕೇಳಬೇಕಾದ್ದು ಬಿಟ್ಟು ಬೇರೆಯೇ ಬಾಯಿಗೆ ಬರುತ್ತದೆ. ಏನು ಮಾಡಬೇಕು ಅಂತ ಬರೆ, ಸಾಕು.

ಪಿಟೀಲಿನ ಅಮ್ಮ


ಜೂನ್ 13

ಅಕ್ಕಾ,

ಪಿಟೀಲಿಗೆ ಹತ್ತೊಂಬತ್ತು ಅಂದರೆ ನಂಬೋಕೇ ಆಗಲ್ಲ. ನನ್ನ ಕಣ್ಣಲ್ಲಿ ಅವಳಿನ್ನೂ ಮುಂದಿನ ಎರಡು ಹಲ್ಲು ಉದುರಿದ ಹುಡುಗಿ. ಲ್ಯಾಬಿನಲ್ಲಿ ಕೆಲಸ ಅಂದರೆ ಬಿಳಿ ಕೋಟು ಹಾಕುತ್ತಾಳಾ? ನಮ್ಮ ವಂಶದಲ್ಲಿ ಬಿಳಿ ಬಟ್ಟೆ ಹಾಕಿಕೊಂಡು ಸಂಜೆವರೆಗೂ ಬಿಳಿಯಾಗೇ ಇಟ್ಟುಕೊಂಡವರು ಇನ್ನೊಬ್ಬರಿಲ್ಲ.

ನಾನು ಚೆನ್ನಾಗಿದ್ದೇನೆ. ವರ್ಕ್‌ಶಾಪಿನ ಮೇಲೆ ಒಂದು ಕೋಣೆ. ಕಿಟಕಿ ತೆಗೆದರೆ ಗೋದಾಮಿನ ಗೋಡೆ. ಎಷ್ಟು ಸೋಪು ಹಾಕಿದರೂ ಉಗುರಿನ ಕಪ್ಪು ಹೋಗುವುದಿಲ್ಲ. ಕುಡಿತ ಬಿಟ್ಟು ಹನ್ನೊಂದು ವರ್ಷ ಆಯಿತು.

ಗಾಡಿಯ ವಿಷಯ. ಮಾರಿಬಿಡು. ಹೊಸ ಹುಡುಗ ಹೇಳಿದ್ದು ಸರಿ. ಆ ಕಾಲದ ಗಾಡಿಗಳಿಗೆ ಇದು ಇದ್ದದ್ದೇ. ಕಾಯಿಲ್ ಬಿಸಿಯಾದರೆ ಪ್ಲಗ್ಗಿಗೆ ಕರೆಂಟ್ ಹೋಗುವುದಿಲ್ಲ, ತಣ್ಣಗಾದ ಮೇಲೆ ಹೋಗುತ್ತದೆ. ಇದಕ್ಕೆ ಕಾರಣ ಹುಡುಕುತ್ತಾ ಕೂತರೆ ಆಯುಸ್ಸು ಸಾಲದು.

ಮಾರುವ ತನಕ ಓಡಿಸಲೇಬೇಕು ಅಂದರೆ ಎರಡು ಮಾತು ನೆನಪಿಡಲಿ. ಟ್ಯಾಂಕ್ ತುಂಬಿಸಬಾರದು, ಕಾಲು ಭಾಗ ಇದ್ದರೆ ಸಾಕು. ಐದೈದು ಕಿಲೋಮೀಟರಿಗೆ ರಸ್ತೆಯ ಪಕ್ಕ ನಿಲ್ಲಿಸಿ, ಮುಚ್ಚಳ ತೆಗೆದು ಪೆಟ್ರೋಲ್ ನೋಡಿಕೊಂಡು, ಮತ್ತೆ ಹಾಕಿಕೊಂಡು ಹೋಗಲಿ. ಹಾಗೆ ಹೋದರೆ ನಿಲ್ಲುವುದಿಲ್ಲ. ಇದನ್ನು ಅವಳ ಕೈಲಿ ಆಣೆ ಮಾಡಿಸು.

ನಿನ್ನ ತಮ್ಮ


ಜೂನ್ 24

ತಮ್ಮನಿಗೆ,

ನಿನ್ನ ಕಾಗದ ಪಿಟೀಲು ಎರಡು ಸಲ ಓದಿದಳು. "ಕಾಯಿಲ್ ಬಿಸಿಯಾಗೋದಕ್ಕೂ ಪೆಟ್ರೋಲ್ ನೋಡೋದಕ್ಕೂ ಏನಮ್ಮಾ ಸಂಬಂಧ?" ಅಂತ ಕೇಳಿದಳು. ನನಗೇನು ಗೊತ್ತು? ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆ ಕತ್ತರಿಸುವವಳು ನಾನು.

ಭಾನುವಾರ ನಾನೇ ಅವಳ ಹಿಂದೆ ಕೂತು ಹೋದೆ. ನೀನು ಬೇಡ ಅಂದಿದ್ದೀಯ ಅಂತಲೇ ಪೇಟೆಯಲ್ಲಿ ಟ್ಯಾಂಕ್ ಭರ್ತಿ ಮಾಡಿಸಿದಳು, ಅವಳಿಗೆ ತಲೆ ಸರಿ ಇಲ್ಲ. ವಾಪಸು ಬರುವಾಗ ಮುಗ್ಗರಿಸಿತು. ಮುಚ್ಚಳ ಮುಟ್ಟಬೇಡ, ಏನಾಗುತ್ತೋ ನೋಡೋಣ ಅಂದಳು. ಕಿಕ್ ಹೊಡೆದಳು. ಪ್ಲಗ್ ಬಿಚ್ಚಿ ಒರೆಸಿದಳು. ನಾನು ತಳ್ಳಿದೆ. ಈ ವಯಸ್ಸಿಗೆ ಗಾಡಿ ತಳ್ಳೋ ಭಾಗ್ಯ! ಮುಕ್ಕಾಲು ಗಂಟೆ ಆದ ಮೇಲೆ ತಾನಾಗಿ ಸ್ಟಾರ್ಟ್ ಆಯಿತು. ಇನ್ನು ಎಂಟು ಕಿಲೋಮೀಟರ್ ಬರುವಷ್ಟರಲ್ಲಿ ಮತ್ತೆ ನಿಂತಿತು.

ಎರಡನೇ ಸಲ ನಿಂತದ್ದು ಇಟ್ಟಿಗೆ ಭಟ್ಟಿಯ ಹತ್ತಿರ. ನೀನು ಅವತ್ತು ಅಂಗಳದಲ್ಲಿ ನಿಂತು ಹೇಳಿದ ಮೂರು ಜಾಗದಲ್ಲಿ ಅದೂ ಒಂದು. ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ಪಿಟೀಲು ಬಿಸಿಲಿಗೆ ಅಂದುಕೊಂಡು ನೀರು ಕೊಟ್ಟಳು.

ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ಅವತ್ತು ನಿಜವಾಗಿ ಗಾಡಿ ನಿಂತಿತ್ತಾ?

ಅಕ್ಕ


ಜುಲೈ 6

ಅಕ್ಕಾ,

ಗಾಡಿ ಈಗ ನಿಲ್ಲುತ್ತದೆ ಅಂದರೆ ಆಗಲೂ ನಿಂತಿತ್ತು ಅಂತ ಅರ್ಥವಲ್ಲ. ಹನ್ನೊಂದು ವರ್ಷ ಬಿಸಿಲು ಧೂಳಲ್ಲಿ ಕೊಳೆತ ಗಾಡಿ. ಏನೇನು ಕೆಟ್ಟಿದೆಯೋ. ಆಗಿನದು ಆಗ ಮುಗಿಯಿತು. ಅದನ್ನು ಕೆದಕಿ ಯಾರಿಗೆ ಏನು ಬರಬೇಕಾಗಿದೆ?

ಮಾರಲ್ಲ ಅಂತ ನಿಮ್ಮಿಬ್ಬರ ಹಟ ಆದರೆ ಹಾಳಾಗಿ ಹೋಗಲಿ, ಒಂದು ಪಾರ್ಸೆಲ್ ಕಳಿಸಿದ್ದೇನೆ. ಅದರಲ್ಲಿ ಕಿಡಿ ಹೊಡೆಯುವ ಸಾಮಾನೆಲ್ಲ ಇದೆ, ಪ್ಲಗ್, ಪಾಯಿಂಟ್ ಸೆಟ್, ಕಂಡೆನ್ಸರ್, ಕಾಯಿಲ್. ಟ್ಯಾಂಕಿಗೆ ಒಂದು ಹೊಸ ಮುಚ್ಚಳವೂ ಇದೆ, ಹಳೆಯದು ತುಕ್ಕು ಹಿಡಿದು ನೋಡೋಕೆ ಚೆನ್ನಾಗಿರುವುದಿಲ್ಲ ಅಂತ. ಎಲ್ಲವನ್ನೂ ಒಂದೇ ದಿನ, ಒಂದೇ ಸಲ ಹಾಕಿಸು. ಬಿಚ್ಚಿದ ಹಳೇ ಸಾಮಾನನ್ನು ಹಾಗೇ ಚೀಲಕ್ಕೆ ಹಾಕಿ ಗುಜರಿಯವನಿಗೆ ಕೊಟ್ಟುಬಿಡು. ಒಂದನ್ನೂ ಇಟ್ಟುಕೊಳ್ಳಬೇಡ. ಅಲ್ಲಿಯವರೆಗೆ ಮಗು ಆ ಗಾಡಿ ಹತ್ತುವುದು ಬೇಡ.

ನಿನ್ನ ತಮ್ಮ


ಜುಲೈ 29

ತಮ್ಮನಿಗೆ,

ಪಾರ್ಸೆಲ್ ಬಂತು. ಒಳಗೆ ಚಾಕೊಲೇಟ್ ಇಟ್ಟಿದ್ದೆಯಲ್ಲ, ಅದು ಕರಗಿ ಕಂಡೆನ್ಸರಿಗೆ ಮೆತ್ತಿಕೊಂಡಿತ್ತು. ಎಂಟು ವರ್ಷದವಳಿಗೆ ಕಳಿಸಿದ ಹಾಗೆ ಕಳಿಸಿದ್ದೀಯ. ಅವಳು ಕಾಗದ ನೆಕ್ಕಿ ತಿಂದಳು ಅನ್ನೋದು ಬೇರೆ ಮಾತು.

ಎಲ್ಲವನ್ನೂ ಒಂದೇ ಸಲ ಹಾಕಿಸು ಅಂದಿದ್ದೆ. ಅವಳು ಒಪ್ಪಲಿಲ್ಲ. ಲ್ಯಾಬಿನಲ್ಲಿ ಅವರಿಗೆ ಮೊದಲ ದಿನವೇ ಹೇಳಿಕೊಡುತ್ತಾರಂತೆ, ಒಂದು ಸಲಕ್ಕೆ ಒಂದೇ ಬದಲಾಯಿಸಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ ಅಂತ. "ಮಾಮ ಮೆಕ್ಯಾನಿಕ್ ಇರಬಹುದು, ಹಾಲು ಒಡೆದ್ರೆ ಕಾರಣ ಹುಡುಕೋಳು ನಾನು" ಅನ್ನುತ್ತಾಳೆ. ಗೋಡೆಗೆ ಒಂದು ಹಾಳೆ ಅಂಟಿಸಿದ್ದಾಳೆ. ಪ್ರತಿ ಭಾನುವಾರ ಟ್ಯಾಂಕ್ ತುಂಬಿಸಿ, ಹೆದ್ದಾರಿ ಬಿಟ್ಟು ಹಳೇ ಗಣಿಯ ಖಾಲಿ ರಸ್ತೆಗೆ ಹೋಗುತ್ತಾಳೆ. ಕೆಲಸಕ್ಕೆ ಈಗ ಹಾಲಿನ ವ್ಯಾನಿನಲ್ಲಿ ಹೋಗುತ್ತಿದ್ದಾಳೆ, ಹೆದರಬೇಡ. ಪ್ಲಗ್ ಹಾಕಿದಳು, ನಿಂತಿತು. ಪಾಯಿಂಟು ಕಂಡೆನ್ಸರು ಹಾಕಿದಳು, ನಿಂತಿತು. ನೀನು ಅಷ್ಟು ಹೇಳಿದ ಕಾಯಿಲ್ ಹಾಕಿದಳು, ಆಗಲೂ ನಿಂತಿತು. ಇನ್ನು ಉಳಿದದ್ದು ಮುಚ್ಚಳ ಒಂದೇ. ಅದು ಬರೀ ಚೆಂದಕ್ಕೆ ಅಂದಿದ್ದೆಯಲ್ಲ, ಆದರೂ ಹಾಕಿ ನೋಡೇ ನೋಡ್ತೀನಿ ಅನ್ನುತ್ತಾಳೆ.

ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಕಾರ್ಖಾನೆಯಲ್ಲಿ ಮೊನ್ನೆ ಎರಡು ಜೊತೆ ಅಟ್ಟೆ ತಪ್ಪು ಅಳತೆಗೆ ಕತ್ತರಿಸಿದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ನಾನು ಕೇಳಿದ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಬರೆಯೋಕೆ ಎಷ್ಟು ಹೊತ್ತು?

ಅಕ್ಕ


ಆಗಸ್ಟ್ 5

ಅಕ್ಕಾ,

ಇಲ್ಲ.

ಅವತ್ತು ಗಾಡಿ ನಿಂತಿರಲಿಲ್ಲ. ನೀನು ಹೇಳಿದ್ದೇ ಸರಿ. ಇಂಜೆಕ್ಷನ್ ತಗೊಂಡು ಬರುವಾಗ ಇಟ್ಟಿಗೆ ಭಟ್ಟಿಯ ಎದುರಿನ ಅಂಗಡಿಯಲ್ಲಿ ಕುಡಿಯೋಕೆ ಕೂತೆ. ಒಂದು ಗ್ಲಾಸ್ ಅಂತ ಕೂತವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಆಮೇಲೆ ಹೆದರಿಕೆಯಾಗಿ ಗಾಡಿಯ ಮೇಲೆ ಹಾಕಿದೆ. ಇಷ್ಟು ವರ್ಷ ನಿನಗೆ ಇದನ್ನು ಬರೆಯುವ ಧೈರ್ಯ ಬರಲಿಲ್ಲ. ಈಗ ಬರೆದಿದ್ದೇನೆ. ನಿನಗೆ ಬೇಕಾದ ಉತ್ತರ ಸಿಕ್ಕಿತು, ಇನ್ನು ನಿದ್ದೆ ಮಾಡು.

ಆ ಮುಚ್ಚಳ ಹಾಕಿಬಿಡಿ. ಹಳೆಯದನ್ನು ಇವತ್ತೇ ಗುಜರಿಗೆ ಕೊಡಿ. ಪಿಟೀಲಿಗೆ ಹೇಳು, ಹುಡುಕಿದ್ದು ಸಾಕು. ಕೈಮುಗಿದು ಕೇಳಿಕೊಳ್ಳುತ್ತೇನೆ.

ತಮ್ಮ


ಆಗಸ್ಟ್ 22

ತಮ್ಮಾ,

ಬಾಯಿಬಿಟ್ಟು ಹೇಳೋಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಿನ್ನ ಐದನೇ ತಾರೀಖಿನ ಕಾಗದ ಓದಿ ನನಗೆ ನೆಮ್ಮದಿಯಾಯಿತು. ಹನ್ನೊಂದು ವರ್ಷ ನಾನು ಅಂದದ್ದು ಸರಿ ಅಂತಾಯಿತಲ್ಲ, ಅದಕ್ಕೆ. ಅವತ್ತು ಹೊಟ್ಟೆ ತುಂಬ ಉಂಡೆ. ಚೆನ್ನಾಗಿ ನಿದ್ದೆ ಮಾಡಿದೆ. ಪಾಪಿ ನಾನು.

ಆ ಭಾನುವಾರ ಪಿಟೀಲು ಹೊಸ ಮುಚ್ಚಳ ಹಾಕಿಕೊಂಡು ಹೋದಳು. ನಲವತ್ತು ಕಿಲೋಮೀಟರ್ ಓಡಿಸಿದಳು, ಎಲ್ಲೂ ನಿಲ್ಲಲಿಲ್ಲ. ಹಳೇ ಪ್ಲಗ್ಗು, ಹಳೇ ಕಾಯಿಲು ವಾಪಸು ಹಾಕಿ ಓಡಿಸಿದಳು, ಆಗಲೂ ನಿಲ್ಲಲಿಲ್ಲ. ಮುಂದಿನ ಭಾನುವಾರ ಹಳೇ ಮುಚ್ಚಳ ಹಾಕಿದಳು. ಒಂಬತ್ತನೇ ಕಿಲೋಮೀಟರಿಗೆ ನಿಂತಿತು. ಮುಚ್ಚಳ ತೆಗೆಯುವಾಗ ಕಿವಿ ಹತ್ತಿರ ಇಟ್ಟು ಕೇಳಿದಳಂತೆ. ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂತಂತೆ.

ಆಮೇಲೆ ಅಡುಗೆಮನೆಗೆ ಬಂದು ನನ್ನ ಎದುರು ಕೂತು ವಿವರಿಸಿದಳು. ಟ್ಯಾಂಕಿನಿಂದ ಪೆಟ್ರೋಲ್ ಕೆಳಗಿಳಿಯಬೇಕಾದರೆ ಮೇಲಿಂದ ಅಷ್ಟೇ ಗಾಳಿ ಒಳಗೆ ಬರಬೇಕು. ಅದಕ್ಕೆ ಮುಚ್ಚಳದ ನಡುವೆ ಒಂದು ಸಣ್ಣ ತೂತು ಇರುತ್ತದೆ. ಅದು ಮುಚ್ಚಿಹೋದರೆ ಸ್ವಲ್ಪ ದೂರ ಓಡಿ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಟ್ಯಾಂಕ್ ತುಂಬಿದ್ದರೆ ಬೇಗ ನಿಲ್ಲುತ್ತದೆ, ತಳದಲ್ಲಿದ್ದರೆ ನಿಲ್ಲುವುದೇ ಇಲ್ಲ. ಯಾರಾದರೂ ಪೆಟ್ರೋಲ್ ಇದೆಯಾ ಅಂತ ಮುಚ್ಚಳ ತೆಗೆದರೆ ಸಾಕು, ಗಾಳಿ ಒಳಗೆ ಹೋಗಿ ಸರಿಯಾಗಿಬಿಡುತ್ತದೆ. ಮುಟ್ಟದೆ ಬಿಟ್ಟರೆ ಗಾಳಿ ಎಲ್ಲಿಂದಲೋ ನಿಧಾನವಾಗಿ ನುಸುಳುವ ತನಕ ಕಾಯಬೇಕು. ನೋಡಿದವರ ಕೈಗೆ ಅದಕ್ಕೇ ಸಿಗುವುದಿಲ್ಲ. ಅವತ್ತು ನೀನು ಹೋಗುವಾಗ ಟ್ಯಾಂಕಿನಲ್ಲಿ ಪೆಟ್ರೋಲ್ ತಳ ಹಿಡಿದಿತ್ತು. ಪೇಟೆಯಲ್ಲಿ ಭರ್ತಿ ಮಾಡಿಸಿದೆ. ಭರ್ತಿ ಮಾಡಿಸು ಅಂತ ನಾನೇ ಹೇಳಿ ಕಳಿಸಿದ್ದೆ. ಆಗ ತಾನೇ ತುಂಬಿಸಿದ ಟ್ಯಾಂಕಿನ ಮುಚ್ಚಳ ಯಾರು ತೆಗೆದು ನೋಡುತ್ತಾರೆ? ಮೇಸ್ತ್ರಿ ಮಾತ್ರ ಬಂದವನೇ ಮೊದಲು ಅದನ್ನೇ ತೆಗೆದ. ಎಲ್ಲರೂ ನೋಡುತ್ತಿದ್ದರು.

"ಈ ತೂತನ್ನ ಯಾರೋ ಮುಚ್ಚಿದ್ದಾರಮ್ಮ" ಅಂದು ಚಾಕುವಿನಿಂದ ಮುಚ್ಚಳದ ಒಳಗಿನ ರಬ್ಬರ್ ಬಿಲ್ಲೆ ಎಬ್ಬಿಸಿ ನನ್ನ ಕೈಗೆ ಹಾಕಿದಳು. ಪೆಟ್ರೋಲ್ ಕುಡಿದು ಉಬ್ಬಿತ್ತು. ಆದರೂ ಮೇಲಿದ್ದ ಜಾಲರಿಯಂಥ ಗೆರೆ ಹಾಗೇ ಇತ್ತು. ಆ ಗೆರೆ ನಮ್ಮ ಕಾರ್ಖಾನೆಯ ಅಟ್ಟೆಯದು.

ಅದನ್ನು ಕತ್ತರಿಸಿದವಳು ನಾನು. ನಿನ್ನ ಭಾವನ ಪ್ಯಾಂಟಿಗೆ ದಿನಾ ಪೆಟ್ರೋಲ್ ಚೆಲ್ಲುತ್ತಿತ್ತು, ಒಗೆದು ಒಗೆದು ಸಾಕಾಗಿತ್ತು. ಹಳೇ ವಾಷರ್ ಬಳೆಯ ಹಾಗೆ ಬರೀ ಸುತ್ತು ಇತ್ತು, ಹರಿದಿತ್ತು. ನಡುವೆ ಖಾಲಿ ಬಿಟ್ಟರೆ ಮತ್ತೆ ಚೆಲ್ಲುತ್ತದೆ ಅಂತ ನಾನು ಇಡೀ ಬಿಲ್ಲೆ ಕತ್ತರಿಸಿದೆ. ಕೂದಲೆಳೆಯಷ್ಟೂ ಸಂದಿಲ್ಲದ ಹಾಗೆ ಕೂರಿಸಿದೆ. ಅವರು ಸಾಯುವುದಕ್ಕೆ ಆರು ದಿನ ಮುಂಚೆ. ಅವರ ಆಫೀಸು ಮೂರು ಕಿಲೋಮೀಟರ್, ಅಷ್ಟು ದೂರದಲ್ಲಿ ಗೊತ್ತಾಗಲಿಲ್ಲ. ಹಿತ್ತಲಲ್ಲಿ ನಾನು ಅದನ್ನು ಕೂರಿಸುವಾಗ ನೀನು ಪಕ್ಕದಲ್ಲೇ ನಿಂತು ಚಹಾ ಕುಡಿಯುತ್ತಿದ್ದೆ.

ನೀನು ಅಲ್ಲೇ ಇದ್ದೆ. ಮುಚ್ಚಳ ಕಳಿಸಿದವನು ನೀನು. ಮೇಸ್ತ್ರಿ ಬರುವ ಮುಂಚೆ ನೀನು ಅಂಗಳದಲ್ಲಿ ನಿಂತಿದ್ದದ್ದು ನನಗೆ ಈಗ ಕಣ್ಣಿಗೆ ಕಟ್ಟಿದ ಹಾಗಿದೆ. ನಿನ್ನ ಬಾಯಿಂದ ಪೆಟ್ರೋಲ್ ವಾಸನೆ ಬರುತ್ತಿತ್ತು, ದಾರಿಯಲ್ಲಿ ಪೈಪಿಗೆ ಬಾಯಿಟ್ಟು ಎಳೆದಿದ್ದೆಯೇನೋ. ಹೆಂಡದ ವಾಸನೆ ಇರಲಿಲ್ಲ. ನಾನು ಹತ್ತಿರ ನಿಂತಿದ್ದವಳು, ನನಗೆ ಗೊತ್ತಿತ್ತು. ಕೋಪದಲ್ಲಿ ಅದನ್ನು ಗೊತ್ತಿಲ್ಲ ಅಂತ ಮಾಡಿಕೊಂಡೆ.

ನಿನಗೆ ಯಾವಾಗಿನಿಂದ ಗೊತ್ತು?

ಅಕ್ಕ


ಸೆಪ್ಟೆಂಬರ್ 15

ಅಕ್ಕಾ,

ಏಳು ವರ್ಷದಿಂದ ಗೊತ್ತು.

ಊರು ಬಿಟ್ಟ ಮೇಲೆ ನಾನು ಈ ಕೆಲಸಕ್ಕೆ ಸೇರಿದ್ದೇ ಆ ಗಾಡಿ ಯಾಕೆ ನಿಂತಿತು ಅಂತ ತಿಳಿಯೋಕೆ. ಮೊದಲು ಗುಡಿಸಿದೆ, ಎಣ್ಣೆ ಒರೆಸಿದೆ, ಆಮೇಲೆ ಸ್ಪ್ಯಾನರ್ ಹಿಡಿದೆ. ಆ ಮಾಡೆಲ್ ಯಾವುದು ಬಂದರೂ ನಾನೇ ಬಿಚ್ಚುತ್ತಿದ್ದೆ. ನಾಲ್ಕನೇ ವರ್ಷ ಒಬ್ಬ ಶಾಲೆ ಮಾಸ್ತರು ಇದೇ ದೂರು ತಂದರು. ನಮ್ಮ ಯಜಮಾನರು ಅವರ ಟ್ಯಾಂಕಿನ ಮುಚ್ಚಳವನ್ನು ಬಾಯಿಗಿಟ್ಟು ಊದಿದರು. ಗಾಳಿ ಆ ಕಡೆ ಹೋಗಲಿಲ್ಲ. "ಇದು ಮುಚ್ಚಿಕೊಂಡಿದೆ, ಅಷ್ಟೇ ಕಣಯ್ಯ" ಅಂದು ನಕ್ಕರು. ನನಗೆ ಹಿತ್ತಲು ನೆನಪಾಯಿತು, ನಿನ್ನ ಕತ್ತರಿ ನೆನಪಾಯಿತು. "ಕಾರ್ಖಾನೆಯವರ ಕೈ ಅಂದ್ರೆ ಕೈ" ಅಂತ ನಾನೇ ಹೊಗಳಿದ್ದು ನೆನಪಾಯಿತು.

ಅವತ್ತೇ ನಿನಗೆ ಕಾಗದ ಬರೆದೆ. ಹರಿದೆ. ಮತ್ತೆ ಬರೆದೆ. ನಾನು ಸುಳ್ಳ ಅಂದುಕೊಂಡು ನೀನು ಬದುಕಬಲ್ಲೆ, ಆದರೆ ನಿನ್ನ ಕೈಯಿಂದಲೇ ಆಯಿತು ಅಂತ ತಿಳಿದರೆ ಹೇಗೆ ಬದುಕುತ್ತೀಯ ಅಂತ ಸುಮ್ಮನಾದೆ. ಮಗು ಬೇರೆ ಚಿಕ್ಕದು.

ಇಷ್ಟೇ ಬರೆದು ನಿಲ್ಲಿಸಿದರೆ ನಾನು ದೊಡ್ಡ ಮನುಷ್ಯ ಅನಿಸಿಕೊಳ್ಳುತ್ತೇನೆ. ಆದರೆ ನಾನು ಅಂಥವನಲ್ಲ. ನಿನ್ನ ಮೇಲೆ ನನಗೆ ಎಂಥ ಸಿಟ್ಟಿತ್ತು ಅಂತ ನಿನಗೆ ಗೊತ್ತಿಲ್ಲ. ಯಾರೋ ಅಲ್ಲ, ಎತ್ತಿ ಆಡಿಸಿದ ಅಕ್ಕ. ಎಲ್ಲರ ಮುಂದೆ ಹಾಗಂದೆ. ಒಂದೇ ಒಂದು ಸಲ ನನ್ನನ್ನು ಒಳಗೆ ಕರೆದು, ಬಾಗಿಲು ಹಾಕಿಕೊಂಡು, ಏನಾಯ್ತೋ ಅಂತ ಕೇಳಬಹುದಿತ್ತು. ನನಗೆ ಹೆಣ್ಣು ಕೊಡೋಕೆ ಬಂದವರು ಊರಲ್ಲಿ ವಿಚಾರಿಸಿದರೆ ಏನು ಹೇಳ್ತಾರೆ ಅಂತ ಹೆದರಿ ಯಾರನ್ನೂ ಮನೆ ತನಕ ಬರಗೊಡಲಿಲ್ಲ. ಈ ಗೋದಾಮಿನ ಗೋಡೆ ನೋಡಿಕೊಂಡು ಎಷ್ಟು ಭಾನುವಾರ ಕಳೆದಿದ್ದೇನೆ. ಒಂದೊಂದು ದಿನ, ಹೇಳಿಬಿಡಬೇಕು, ಅವಳೂ ಸಂಕಟಪಡಲಿ ಅಂತಲೂ ಅನಿಸಿದ್ದುಂಟು. ನಿನಗೆ ಗೊತ್ತಾದ ದಿನ ನನಗೆ ಎದೆ ಹಗುರ ಆಗುತ್ತದೆ ಅಂದುಕೊಂಡಿದ್ದೆ. ಈಗ ಗೊತ್ತಾಗಿದೆ. ಏನೂ ಹಗುರ ಆಗಲಿಲ್ಲ.

ನೀನು ಬರಬೇಡ. ಕ್ಷಮಿಸು ಅಂತ ಬರೆಯಲೂ ಬೇಡ. ಅದಕ್ಕೆ ಏನು ಉತ್ತರ ಕೊಡಬೇಕು ಅಂತ ನನಗೆ ತಿಳಿಯುವುದಿಲ್ಲ. ಪಿಟೀಲು ಬುದ್ಧಿವಂತೆ. ಅವಳಿಗೆ ಹೇಳು, ಆರು ತಿಂಗಳಿಗೊಮ್ಮೆ ಪಾಯಿಂಟ್ ಒರೆಸಬೇಕು.

ತಮ್ಮ


ನವೆಂಬರ್ 2

ತಮ್ಮಾ,

ಕ್ಷಮಿಸು ಅಂತ ಬರೆಯಬೇಡ ಅಂದೆ. ಬರೆಯುತ್ತಿಲ್ಲ. ಆದದ್ದು ಮಾತ್ರ ಹೇಳುತ್ತೇನೆ.

ನಿನ್ನ ಕಾಗದವನ್ನು ಪಿಟೀಲಿಗೆ ಓದೋಕೆ ಕೊಟ್ಟೆ. ಬಿಲ್ಲೆ ಕತ್ತರಿಸಿದ್ದು ನಾನು ಅಂತ ಅವಳಿಗೆ ಗೊತ್ತಾದದ್ದೇ ಆಗ, ಅಲ್ಲಿಯವರೆಗೆ ಹೇಳುವ ಬಾಯಿ ನನಗಿರಲಿಲ್ಲ. ಹನ್ನೆರಡು ದಿನ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ತಟ್ಟೆ ತಗೊಂಡು ತನ್ನ ಕೋಣೆಗೆ ಹೋಗುತ್ತಿದ್ದಳು. ಹದಿಮೂರನೇ ದಿನ ಬಾಗಿಲಲ್ಲಿ ನಿಂತು ಹೇಳಿದಳು. "ರಬ್ಬರ್ ಕತ್ತರಿಸಿದ್ದಕ್ಕೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲಮ್ಮ, ಅದು ಯಾರ ಕೈಯಲ್ಲಾದ್ರೂ ಆಗ್ತಿತ್ತು. ಮಾಮನ್ನ ಎಲ್ಲರ ಮುಂದೆ ಅಂದೆಯಲ್ಲ, ಅದನ್ನ ಎಲ್ಲರ ಮುಂದೆ ವಾಪಸ್ ತಗೋ." ಇಷ್ಟು ಹೇಳಿ ಕೆಲಸಕ್ಕೆ ಹೋದಳು.

ಅವತ್ತು ಅಂಗಳದಲ್ಲಿ ಇದ್ದವರು ಯಾರ್ಯಾರು ಅಂತ ಕೂತು ನೆನೆಸಿಕೊಂಡೆ. ಹದಿನಾಲ್ಕು ಜನ ಲೆಕ್ಕಕ್ಕೆ ಸಿಕ್ಕರು. ಐದು ಜನ ಸತ್ತಿದ್ದಾರೆ. ಇಬ್ಬರು ಮಕ್ಕಳ ಜೊತೆ ಎಲ್ಲಿಗೋ ಹೋಗಿದ್ದಾರೆ. ಉಳಿದ ಏಳು ಜನರ ಮನೆಗೆ ಒಂದೊಂದು ಸಂಜೆ ಹೋದೆ. ಹೋಗುವ ಮುಂಚೆ ಹೇಗೆ ಹೇಳಬೇಕು ಅಂತ ದಾರಿಯುದ್ದ ಬಾಯಿಪಾಠ ಮಾಡಿಕೊಂಡೆ. ಎದುರು ಮನೆಯವರ ಗೇಟಿನಿಂದ ಎರಡು ಸಲ ವಾಪಸು ಬಂದೆ.

ಎದುರು ಮನೆಯಾಕೆ ಟಿವಿ ಸದ್ದು ಕಡಿಮೆ ಮಾಡಿ ಪೂರ್ತಿ ಕೇಳಿಸಿಕೊಂಡರು. "ನೀವು ಹಾಗಂದ್ರಾ? ನಾನು ಒಳಗೆ ಚಹಾ ಮಾಡ್ತಿದ್ದೆ ಅನ್ಸುತ್ತೆ" ಅಂದರು. ಗಿರಣಿಯವನಿಗೆ ನಿನ್ನ ಭಾವ ಸತ್ತ ದಿನ ನೆನಪಿದೆ, ಬಿಸಿಲು ನೆನಪಿದೆ, ಯಾರ ಚಪ್ಪಲಿಯೋ ಕಳೆದುಹೋಗಿದ್ದು ನೆನಪಿದೆ. ನೀನು ನೆನಪಿಲ್ಲ. ಟೈಲರ್ ಹೆಂಡತಿ, "ಸತ್ತ ಮನೇಲಿ ಜನ ಏನೇನೋ ಅಂತಾರೆ, ಅದನ್ನ ಯಾರು ಗಂಟು ಕಟ್ಟಿ ಇಟ್ಕೋತಾರೆ" ಅಂತ ನನಗೇ ಸಮಾಧಾನ ಹೇಳಿದಳು. ನಾನು ಹಟ ಬಿಡದೆ ಮೊದಲಿಂದ ಹೇಳಿದೆ. ಮುಚ್ಚಳ, ತೂತು, ಬಿಲ್ಲೆ, ಎಲ್ಲ. ಪಾಪ, ಕೇಳಿಸಿಕೊಂಡಳು.

ಕಡೆಗೆ ಮೂಲೆ ಅಂಗಡಿಯ ಹಳೇ ಮೇಸ್ತ್ರಿಯ ಹತ್ತಿರ ಹೋದೆ. ಅಂಗಡಿ ಬಿಟ್ಟು ಮೂರು ವರ್ಷ ಆಯಿತು, ಮಂಡಿ ಹೋಗಿ ಮನೆಯಲ್ಲೇ ಕೂತಿದ್ದಾರೆ. ಬೇರೆ ಯಾರು ಮರೆತರೂ ಇವರು ಮರೆತಿರಲಾರರು ಅಂದುಕೊಂಡಿದ್ದೆ. ಎಲ್ಲರೆದುರು ಕಿಕ್ ಹೊಡೆದು ತೋರಿಸಿದವರು ಅವರೇ. ಬಿಲ್ಲೆಯನ್ನೂ ತೋರಿಸಿದೆ. ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, "ಒಳ್ಳೆ ಕತ್ತರಿಸಿದ್ದಾರೆ" ಅಂದರು. ನನ್ನ ತಮ್ಮ ಅವತ್ತು ಸುಳ್ಳು ಹೇಳಿರಲಿಲ್ಲ, ಗಾಡಿ ನಿಜವಾಗಿ ನಿಂತಿತ್ತು, ತಪ್ಪು ನನ್ನದು, ಅದನ್ನು ಹೇಳೋಕೆ ಬಂದೆ ಅಂದೆ. ಅವರು ಕನ್ನಡಕ ತೆಗೆದು ಬಿಲ್ಲೆಯನ್ನು ನನ್ನ ಕೈಗೆ ವಾಪಸು ಕೊಟ್ಟರು.

"ನಿಮಗೆ ತಮ್ಮ ಇದ್ದನಾ ಅಮ್ಮಾ?" ಅಂದರು.

ಮನೆಗೆ ಬಂದು ದೀಪವನ್ನೂ ಹಾಕದೆ ಕೂತೆ. ಪಿಟೀಲು ಬಂದು ಯಾಕಮ್ಮ ಅಂದಳು. ನನಗೆ ಹೇಳೋಕಾಗಲಿಲ್ಲ, ನಿನಗೆ ಹೇಳುತ್ತಿದ್ದೇನೆ. ಈ ಊರಿಗೆ ಮುಖ ತೋರಿಸಲಾರೆ ಅಂತ ನೀನು ಹನ್ನೊಂದು ವರ್ಷ ಆ ಗೋಡೆ ನೋಡಿಕೊಂಡು ಕೂತೆ. ಇಲ್ಲಿ ಯಾರಿಗೂ ನೆನಪಿರಲಿಲ್ಲ ಕಣೋ. ನೆನಪಿಟ್ಟುಕೊಂಡಿದ್ದವಳು ನಾನೊಬ್ಬಳೇ.

ಅಕ್ಕ